ಓಗೊಡದ ಗುಡ್ಡ

ಹಿರೇಗಡ ನಗರದ ಪಡುವಣ ಬಾಗಿಲನ್ನು ದಾಟಿ, ಬಸ್ ಡಿಪೋದ ಹಿಂಬದಿಗೆ ಬಂದರೆ ಎದುರಿಗೇ ಒಂದು ಗುಡ್ಡ ಕಾಣುತ್ತದೆ. ಹೇಳಿಕೊಳ್ಳುವಂಥ ಎತ್ತರವಿಲ್ಲ. ಬುಡದಲ್ಲಿ ಕುರುಚಲು, ಮೇಲೆ ಮತ್ತಿ, ಹೊನ್ನೆ ಮರಗಳ ಕಾಡು, ನೆತ್ತಿಯಲ್ಲಿ ಕರಿಬಂಡೆ. ನಾಲ್ಕಾರು ವರ್ಷಗಳ ಹಿಂದೆ ನಗರಸಭೆಯವರಿಗೆ ಏನು ತೋಚಿತೋ, ಬುಡದಲ್ಲಿ ‘ಎಕೋ ಪಾಯಿಂಟ್’ ಎಂದು ಹಲಗೆ ನೆಡಿಸಿದರು. ಪ್ರವಾಸಿಗರು ಬಂದು ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ತಮ್ಮ ಹೆಸರನ್ನೇ ಕೂಗುತ್ತಾರೆ. ಗುಡ್ಡ ತುಟಿ ಪಿಟಕ್ಕೆನ್ನುವುದಿಲ್ಲ. ಇನ್ನಷ್ಟು ಜೋರಾಗಿ ಕೂಗಿ, ಗಂಟಲು ಕೆರೆದುಕೊಂಡು, ಕಬ್ಬಿನ ಹಾಲು ಕುಡಿದು ಹೋಗುತ್ತಾರೆ. ಊರಿನ ಯಾರನ್ನು ಕೇಳಿದ್ದರೂ ಆ ಹಲಗೆಯ ಖರ್ಚು ಉಳಿಯುತ್ತಿತ್ತು, ಏಕೆಂದರೆ ಊರವರ ಬಾಯಲ್ಲಿ ಈ ಗುಡ್ಡದ ಹೆಸರೇ ಓಗೊಡದ ಗುಡ್ಡ.

ಈ ಗುಡ್ಡಕ್ಕೂ ಕೋಟೆಗೂ ನಡುವಿನ ಮೈದಾನದಲ್ಲಿ ಪ್ರತಿ ವರ್ಷ ಮಾಘದಲ್ಲಿ ಸಿದ್ದಿ ಹಬ್ಬ ನಡೆಯುತ್ತದೆ. ಆಫ್ರಿಕಾದ ಕಡಲತೀರದಿಂದ ಹಡಗುಗಳಲ್ಲಿ ತುಂಬಿ ತಂದು ನಮ್ಮ ಬಂದರುಗಳಲ್ಲಿ ಮಾರಿದ ಜನರ ಮೊಮ್ಮಕ್ಕಳ ಮೊಮ್ಮಕ್ಕಳು ಘಟ್ಟದ ಕಾಡೂರುಗಳಿಂದ ಟೆಂಪೊಗಳಲ್ಲಿ ಬಂದಿಳಿಯುತ್ತಾರೆ. ಹೆಂಗಸರು ತಾವು ಹೊಲಿದ ಕೌದಿಗಳನ್ನು ಕೋಟೆಯ ಗೋಡೆಗೆ ಹರವುತ್ತಾರೆ, ಹುಡುಗಿಯರು ಕುಣಿಯುತ್ತಾರೆ, ದೊಡ್ಡ ಕಾಲೇಜುಗಳಿಂದ ಬಂದವರು ಅವರ ಚರಿತ್ರೆಯನ್ನು ಅವರಿಗೇ ಹೇಳುತ್ತಾರೆ. ಗಲಾಟೆ, ನಗು, ಧೂಳು ಎಲ್ಲವೂ ಇರುತ್ತದೆ. ಆದರೆ ಹಬ್ಬವನ್ನು ಬೇರೆಲ್ಲೂ ಮಾಡದೆ ಈ ಗುಡ್ಡದ ಕಣ್ಣೆದುರಿಗೇ ಏಕೆ ಮಾಡುತ್ತಾರೆಂದು ಕೇಳಿದರೆ ಮಾತ್ರ ಅವರ ನಗು ಸ್ವಲ್ಪ ಹಿಂದೆ ಸರಿಯುತ್ತದೆ. ಹಿರಿಯರು ಆಗ ಯಾಕೂತನ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ, ಕೋಟೆಯಲ್ಲಿ ಇನ್ನೂ ಕಿಲ್ಲೇದಾರರ ದರ್ಬಾರು ನಡೆಯುತ್ತಿದ್ದ ಕಾಲ. ಯಾವ ಅರಸರ ಆಳ್ವಿಕೆ ಎಂಬುದಕ್ಕೆ ಊರಿನ ಇತಿಹಾಸದ ಮೇಷ್ಟ್ರುಗಳಲ್ಲಿ ಇಂದಿಗೂ ಒಮ್ಮತವಿಲ್ಲ, ಜಗಳವಾಡಿಕೊಳ್ಳಲಿ, ನಮಗೇನು. ಆ ಕಾಲದಲ್ಲಿ ಕರಾವಳಿಯ ಬಂದರಿನ ವ್ಯಾಪಾರಿಗಳ ಕೈಯಿಂದ ತಪ್ಪಿಸಿಕೊಂಡ ಹಬಶಿಗಳ, ಅಂದರೆ ಈ ಸಿದ್ದಿಗಳ ಹಿರಿಯರ, ಒಂದು ಗುಂಪು ಘಟ್ಟ ಹತ್ತಿ ಈ ಸೀಮೆಗೆ ಬಂತು. ಕೋಟೆಯ ಸವಾರರು ಬೆನ್ನಟ್ಟಿದಾಗ ಉಳಿದವರೆಲ್ಲ ಕಾಡಿಗೆ ನುಗ್ಗಿದರು, ಕಾಲಿಗೆ ಮುಳ್ಳು ಹೊಕ್ಕಿದ್ದ ಒಬ್ಬ ಹುಡುಗ ಮಾತ್ರ ಸಿಕ್ಕಿಬಿದ್ದ. ಎಂಟರ ಪ್ರಾಯ. ಕೊಂಡ ಆಳುಗಳಿಗೆ ಹರಳು, ಅತ್ತರುಗಳ ಹೆಸರಿಡುವುದು ಆಗಿನವರ ಶೋಕಿ. ಕೆಂಪು ಹರಳಿನ ಹೆಸರು ಹಿಡಿದು ಇವನನ್ನು ಯಾಕೂತ ಎಂದು ಕರೆದರು. ತಾಯಿ ಇಟ್ಟ ಹೆಸರು ಏನಿತ್ತೆಂದು ಯಾರೂ ಕೇಳಲಿಲ್ಲ. ಬಾಗಿಲ ಮೇಲಿನ ನಗಾರಿಖಾನೆಯಲ್ಲಿ ಕಸ ಗುಡಿಸಲು ಹಾಕಿದರು. ಬೆಳೆದಂತೆ ಅವನ ಕೈ ನಗಾರಿಗೆ ಹೊಂದಿಕೊಂಡಿತು. ಇಪ್ಪತ್ತು ತುಂಬುವ ಹೊತ್ತಿಗೆ, ಮುಂಜಾನೆ ಕೋಟೆಯ ಬಾಗಿಲು ತೆರೆಯುವುದೂ ಸಂಜೆ ಮುಚ್ಚುವುದೂ ಅವನ ನಗಾರಿಯ ಸದ್ದಿಗೇ ಎಂದಾಯಿತು.

ಆ ಜನರಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಮನೆತನಕ್ಕೂ ತನ್ನದೇ ಒಂದು ಬಡಿತ, ಅದಕ್ಕೆ ಎರಡು ಅರ್ಧ. ಒಂದು ಕರೆಯುವ ಅರ್ಧ, ಇನ್ನೊಂದು ಓಗೊಡುವ ಅರ್ಧ. ಕಾಡಿನಲ್ಲಿ ಚದುರಿಹೋದವರು ಕರೆಯನ್ನು ಬಾರಿಸಿದರೆ, ಕೇಳಿಸಿಕೊಂಡ ಮನೆಯವರು ಎಲ್ಲಿದ್ದರೂ ಓಗೊಡಲೇಬೇಕು. ಯಾಕೂತನಿಗೆ ತಾಯಿಯ ತೊಡೆಯ ಮೇಲೆ ಕಲಿತ ಆ ಬಡಿತ ಮರೆತಿರಲಿಲ್ಲ. ನಗಾರಿ ಕೈಗೆ ಬಂದ ಮೊದಲ ಸಂಜೆ, ಬಾಗಿಲು ಮುಚ್ಚುವ ಬಡಿತದ ಬಾಲಕ್ಕೆ ಹೆದರುತ್ತಲೇ ಅದನ್ನು ಸೇರಿಸಿದ. ಎದುರಿನ ಗುಡ್ಡದ ಕಾಡಿನಿಂದ ಒಂದು ಡಮಾಮ, ಆ ಜನರ ಹೆಗಲ ಡೋಲು, ಮೆಲ್ಲಗೆ ಓಗೊಟ್ಟಿತು. ಅದು ತಾಯಿಯ ಕೈ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ನಗಾರಿಯ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತನಂತೆ. ಅಂದಿನಿಂದ ಪ್ರತಿ ಸಂಜೆ ಅವನು ಕರೆಯುವುದು, ಅವಳು ಓಗೊಡುವುದು ನಡೆಯಿತು. ಒಬ್ಬರ ಮುಖ ಒಬ್ಬರು ಕಾಣದೆ ತಾಯಿ ಮಗ ಹಾಗೆ ವರ್ಷಗಟ್ಟಲೆ ಬಾಳ್ವೆ ಮಾಡಿದರು. ಊರವರು ಅದನ್ನು ಪ್ರತಿಧ್ವನಿ ಎಂದುಕೊಂಡು, ‘ಓಗೊಡೋ ಗುಡ್ಡ’ ಎಂದು ಹೆಸರಿಟ್ಟು, ಬಂದ ನೆಂಟರನ್ನು ಕೋಟೆಯ ಮೇಲೆ ಹತ್ತಿಸಿ ಕೇಳಿಸುತ್ತಿದ್ದರು.

ಹೀಗಿರುವಾಗ ಹೈಬತರಾವ ಎಂಬವನು ಹೊಸ ಕಿಲ್ಲೇದಾರನಾಗಿ ಬಂದ. ಕೋಟೆಯ ಹೊರಗೋಡೆ ಕಟ್ಟಿಸುವ ಆತುರ ಅವನಿಗೆ, ಕಲ್ಲು ಹೊರಲು ಆಳು ಸಾಲದು. ಹಾಳಾದ್ದು, ಸಂಗೀತದ ಕಿವಿಯೂ ಇತ್ತು. ಎಲ್ಲರೂ ಗುಡ್ಡದ ಪ್ರತಿಧ್ವನಿಯನ್ನು ಹೊಗಳುತ್ತಿದ್ದರೆ ಅವನು ಎರಡು ಸಂಜೆ ಬುರುಜಿನ ಮೇಲೆ ಕಣ್ಣು ಮುಚ್ಚಿ ಕುಳಿತು ಕೇಳಿ, ಮರುದಿನ ಯಾಕೂತನನ್ನು ಕರೆಸಿದ.

“ಪ್ರತಿಧ್ವನಿ ಅಂದ್ರ ನೀ ಬಾರಿಸಿದ್ದನ್ನ ತಿರುಗಿ ಹೇಳಬೇಕು,” ಎಂದ. “ಈ ಗುಡ್ಡ ಬ್ಯಾರೇನ ಹೇಳ್ತದ. ಜವಾಬು ಕೊಡ್ತದ. ಯಾರದಾರ ಅಲ್ಲಿ?”

ಯಾಕೂತನ ಬಾಯಿ ಬಿಡಿಸಲೆಂದು ಹೈಬತರಾವ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಇಂದು ಮಧ್ಯಾಹ್ನವೇ ಸಿಪಾಯಿಗಳು ಕಾಡಿನಲ್ಲಿ ಅಲ್ಲಲ್ಲಿ ಅಡಗಿ ಕೂರುತ್ತಾರೆ, ಸಂಜೆ ಎಂದಿನಂತೆ ಬಾರಿಸು, ಓಗೊಟ್ಟ ಕಡೆಗೆ ನಾಲ್ಕೂ ದಿಕ್ಕಿನಿಂದ ಬಲೆ ಬೀಳುತ್ತದೆ ಎಂದು ಬೇಟೆಯ ಏರ್ಪಾಟಿನ ಹಾಗೆ ತಣ್ಣಗೆ ತಿಳಿಸಿ ಕಳಿಸಿದ.

ನಗಾರಿಖಾನೆಯಲ್ಲಿ ಯಾಕೂತನಿಗೆ ಜೊತೆಯೆಂದರೆ ಸನಾದಿ ಊದುವ ದುರ್ಗಪ್ಪ ಒಬ್ಬನೇ. ಈ ಕಥೆ ನಮಗೆ ಉಳಿದು ಬಂದದ್ದೂ ಅವನ ಮನೆತನದ ಬಾಯಿಂದ. ಸಂಗತಿ ಕೇಳಿ ದುರ್ಗಪ್ಪ ಸನಾದಿಯನ್ನು ಕೆಳಗಿಟ್ಟ.

“ಬಾರಿಸಬ್ಯಾಡೋ ತಮ್ಮಾ. ಕೈ ಉಳುಕೇದ ಅಂತ ಹೇಳು,” ಎಂದ.

“ನಾ ಬಾರಿಸದಿದ್ರ ಇನ್ನೊಬ್ಬಾಂವ ಬಾರಿಸ್ತಾನ, ಅಣ್ಣಾ. ಊರಿಗೆಲ್ಲಾ ಅದು ಬಾಯಿಪಾಠ ಆಗೇದ,” ಎಂದ ಯಾಕೂತ. “ಯಾರು ಬಾರಿಸಿದ್ರೂ ನಮ್ಮವ್ವ ಓಗೊಡಾಕಿನ.”

ಅವನು ಹೇಳಿದ್ದು ನಿಜ. ಕೂಸುಗಳನ್ನು ತೂಗುವ ತಾಯಂದಿರೂ ಆ ಬಡಿತವನ್ನು ತೊಟ್ಟಿಲಿಗೆ ತಟ್ಟುತ್ತಿದ್ದ ಕಾಲವದು. ಈಗ ಉಳಿದದ್ದು ಒಂದೇ ದಾರಿ. ಕರೆ ಕೇಳಿಸಬೇಕು, ಆದರೂ ತಾಯಿ ಓಗೊಡಬಾರದು. ಇಡೀ ಮಧ್ಯಾಹ್ನ ಅವನು ನಗಾರಿಯ ಪಕ್ಕ ಮಂಡಿಗೆ ಗದ್ದವಿಟ್ಟು ಕುಳಿತ. ಬಾಲ್ಯದ ನೆನಪುಗಳನ್ನೆಲ್ಲ ಜಾಲಾಡಿ ಕೊನೆಗೆ ಅಜ್ಜ ಸತ್ತ ಸಂಜೆಯನ್ನು ಹಿಡಿದ. ಅಂದು ತಾಯಿ ಡಮಾಮ ತೆಗೆದುಕೊಂಡು ಕರೆಯುವ ಅರ್ಧವನ್ನೂ ಓಗೊಡುವ ಅರ್ಧವನ್ನೂ ತಾನೊಬ್ಬಳೇ ಬಾರಿಸಿದ್ದಳು. ಸುತ್ತಲಿನ ಗುಡಿಸಲುಗಳಿಂದ ಯಾರೂ ಓಗೊಟ್ಟಿರಲಿಲ್ಲ. ಎರಡೂ ಅರ್ಧ ಒಂದೇ ಕೈಯಿಂದ ಬಂದರೆ ಆ ಡಮಾಮದ ಮನೆಯಲ್ಲಿ ಸಾವಾಗಿದೆ ಎಂದರ್ಥ, ಅದಕ್ಕೆ ಮೌನವೇ ಮರುಮಾತು. ಅಷ್ಟು ಅವನಿಗೆ ಚೆನ್ನಾಗಿ ನೆನಪಿತ್ತು. ಆಮೇಲಿನದನ್ನು ಅವನು ಕಂಡಿರಲಿಲ್ಲ, ಮಕ್ಕಳನ್ನು ಆ ಹೊತ್ತಿಗೆ ಮಲಗಿಸಿಬಿಟ್ಟಿದ್ದರು.

ತಾನು ಸತ್ತೆನೆಂದು ತಾನೇ ಸಾರುವುದು ಅವನಿಗೇನೂ ದೊಡ್ಡದೆನಿಸಲಿಲ್ಲ. ಬೇರೆ ಯಾರೋ ಬಾರಿಸಿ ಸಾರಿದರೆಂದು ತಿಳಿದು ಅವ್ವ ಅಳುತ್ತಾಳೆ, ಅತ್ತು ಸುಮ್ಮನಾಗುತ್ತಾಳೆ, ಬದುಕಿರುತ್ತಾಳೆ ಎಂದು ದುರ್ಗಪ್ಪನಿಗೆ ಹೇಳಿದ. ಸಂಜೆ ಬಾಗಿಲು ಮುಚ್ಚುವ ಬಡಿತ ಮುಗಿಸಿ, ಕರೆಯುವ ಅರ್ಧವನ್ನು ಬಾರಿಸಿ, ಉಸಿರು ತೆಗೆದುಕೊಳ್ಳದೆ ಓಗೊಡುವ ಅರ್ಧವನ್ನೂ ಬಾರಿಸಿಬಿಟ್ಟ. ಎಲ್ಲರೂ ಕಿವಿಗೊಟ್ಟು ನಿಂತರು. ಗುಡ್ಡ ಮೌನವಾಗಿತ್ತು. ಕತ್ತಲಾದ ಮೇಲೆ ಸಿಪಾಯಿಗಳು ಮೈಕೈ ಪರಚಿಕೊಂಡು ಬರಿಗೈಯಲ್ಲಿ ಹಿಂದಿರುಗಿದರು. ಹೈಬತರಾವ ಹಲ್ಲು ಕಡಿಯುತ್ತ ಒಳಗೆ ಹೋದ. ತಾಯಿಯ ದನಿಯಿಲ್ಲದ ಆ ಒಂದು ಸಂಜೆ ಯಾಕೂತನಿಗೆ ಆದಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ. ರೊಟ್ಟಿ ತಿಂದು ನೆಮ್ಮದಿಯಾಗಿ ನಿದ್ದೆ ಮಾಡಿದ.

ಬೆಳಗ್ಗೆ ಬಾಗಿಲು ತೆರೆಯುವ ಬಡಿತಕ್ಕೆಂದು ಮೇಲೆ ಬಂದವನು ಗುಡ್ಡದ ಕಡೆ ನೋಡಿದ. ಕುರುಚಲಿನ ನಡುವಿನಿಂದ ಜನ ಇಳಿದು ಬರುತ್ತಿದ್ದರು. ಗಂಡಸರು, ಹೆಂಗಸರು, ಕಂಕುಳಲ್ಲಿ ಕೂಸು ಹೊತ್ತವರು. ಕೈಯಲ್ಲಿ ಬಿಲ್ಲಿಲ್ಲ, ಕತ್ತಿಯಿಲ್ಲ, ಕಾಲಿಗೆ ಕೆರವೂ ಇಲ್ಲ. ಎಲ್ಲರಿಗಿಂತ ಮುಂದೆ ಒಬ್ಬಳು ಮುದುಕಿ. ಸತ್ತವನ ಹೆಗಲಿನಿಂದ ಡಮಾಮವನ್ನು ಇಳಿಸದೆ ಅವನ ಜೀವ ನೆಲ ಬಿಟ್ಟು ಹೋಗುವುದಿಲ್ಲವೆಂದು ಆ ಜನರ ನಂಬಿಕೆ. ಎರಡು ಅರ್ಧದ ಬಡಿತ ಕೇಳಿದ ರಾತ್ರಿ ಯಾರೂ ಓಗೊಡುವುದಿಲ್ಲ ನಿಜ. ಬೆಳಕು ಹರಿಯುವಾಗ ಕುಲಕ್ಕೆ ಕುಲವೇ ಆಯುಧ ಬಿಟ್ಟು, ಬರಿಗಾಲಲ್ಲಿ, ಹೆಣವಿರುವಲ್ಲಿಗೆ ಹೋಗಲೇಬೇಕು. ಅದು ಶತ್ರುವಿನ ಮನೆಯೇ ಆಗಿರಲಿ. ಅಜ್ಜ ಸತ್ತ ಮರುದಿನ ಬೆಳಗ್ಗೆ ಹುಡುಗ ಮಲಗಿದ್ದಾಗ ನಡೆದದ್ದು ಇದೇ.

ಯಾಕೂತನಿಗೆ ಒಂದು ಕ್ಷಣದಲ್ಲಿ ಎಲ್ಲ ತಿಳಿದುಹೋಯಿತು. ಕೈ ಬೀಸಿದ, ಕಿರುಚಿದ, ಅಷ್ಟು ದೂರಕ್ಕೆ ಮನುಷ್ಯನ ದನಿ ಮುಟ್ಟುವುದಿಲ್ಲ. ನಗಾರಿಯ ಕೋಲು ಕೈಗೆತ್ತಿಕೊಂಡ. ಏನೆಂದು ಬಾರಿಸುವುದು? ಹಿಂದಕ್ಕೆ ಹೋಗಿ ಎನ್ನುವ ಬಡಿತವೊಂದು ಇದ್ದಿರಲೇಬೇಕು, ಅದನ್ನು ಕಲಿಯುವ ಮೊದಲೇ ಅವನನ್ನು ಹಿಡಿದು ತಂದಿದ್ದರು. ಅವನಿಗೆ ಬರುತ್ತಿದ್ದದ್ದು ಕರೆಯುವುದು ಒಂದು, ಓಗೊಡುವುದು ಒಂದು. ಎರಡಕ್ಕೂ ಅವರು ಬರುವವರೇ. ಕೋಲನ್ನು ಕೆಳಗೆಸೆದು, ದುರ್ಗಪ್ಪನ ಸೊಂಟದ ಚೂರಿಯನ್ನು ಕಿತ್ತುಕೊಂಡು ನಗಾರಿಯ ಚರ್ಮವನ್ನು ಹರಿದು ಹಾಕಿದ. ಬಾಗಿಲ ಬಡಿತವೇ ಇಲ್ಲದಿದ್ದರೆ ಬಾಗಿಲು ತೆರೆಯುವುದಿಲ್ಲ, ಮುಚ್ಚಿದ ಬಾಗಿಲು ಕಂಡಾದರೂ ತಿರುಗಿ ಹೋದಾರು ಎಂದು ಅವನ ಎಣಿಕೆ. ಹೈಬತರಾವ ಬಡಿತಕ್ಕೆ ಕಾಯಲಿಲ್ಲ. ತಾನೇ ನಿಂತು ಬಾಗಿಲು ತೆಗೆಸಿದ, ಎರಡೂ ಕಡೆ ಸಿಪಾಯಿಗಳನ್ನು ನಿಲ್ಲಿಸಿ ಅವರನ್ನೆಲ್ಲ ಒಳಗೆ ಬರಗೊಟ್ಟು ಮತ್ತೆ ಮುಚ್ಚಿಸಿದ.

ಯಾಕೂತ ಮೆಟ್ಟಿಲುಗಳನ್ನು ಧುಮುಕುತ್ತ ಇಳಿದು ಬಂದಾಗ ಮುದುಕಿಯ ಕೈಗೆ ಕೋಳ ಬಿದ್ದಿತ್ತು. ಅವಳು ಮಗನನ್ನು ಕಂಡಳು. ಹಣೆ ತನ್ನದೇ, ಕಣ್ಣು ಅವನ ಅಜ್ಜನವು. ಎಂಟರ ಹುಡುಗ ಗಡ್ಡ ಹೊತ್ತು ನಿಂತಿದ್ದರೂ ಗುರುತು ಸಿಕ್ಕಿತು. ಕೋಳವನ್ನು ಮರೆತೇಬಿಟ್ಟಳು.

“ಬದುಕೀಯಾ!” ಎಂದಳು ತನ್ನ ನುಡಿಯಲ್ಲಿ. “ಮಗನೇ, ನೀ ಬದುಕೀಯಾ!” ಎಂದು ತನ್ನವರ ಕಡೆ ತಿರುಗಿ ನಕ್ಕಳಂತೆ.

ಅಷ್ಟರಲ್ಲಿ ಹೈಬತರಾವ ಹಿಗ್ಗಿನಿಂದ ಮುಂದೆ ಬಂದ. ಹುಡುಕಿ ಹಿಡಿಯಬೇಕಾದವರನ್ನು ಇವನು ಮನೆ ಬಾಗಿಲಿಗೇ ಕರೆಸಿಕೊಟ್ಟನಲ್ಲ! “ಭಲೇ! ನನಗೂ ಹೇಳದಂಗ ಮಾಡಿದಿ ನೋಡು, ಜಾಣ,” ಎಂದು ತನ್ನ ಹೆಗಲ ಮೇಲಿನ ಜರಿಶಾಲನ್ನು ತೆಗೆದು ಎಲ್ಲರ ಎದುರಿಗೆ ಯಾಕೂತನಿಗೆ ಹೊದಿಸಿದ. ಸಿದ್ದಿ ಹಬ್ಬದ ವೇದಿಕೆಯಲ್ಲಿ ಎಂಥ ದೊಡ್ಡವರು ಬಂದರೂ ಶಾಲು ಹೊದಿಸುವುದಿಲ್ಲ, ಅದು ಇದೇ ಕಾರಣಕ್ಕೆ ಎನ್ನುತ್ತಾರೆ. ತಾಯಿ ಶಾಲನ್ನು ನೋಡಿದಳು, ಮಗನ ಮುಖವನ್ನು ನೋಡಿದಳು. ಅವನು “ಅವ್ವಾ, ಹಂಗಲ್ಲ” ಎಂದ. ಕನ್ನಡದಲ್ಲಿ ಎಂದ. ಇಷ್ಟು ವರ್ಷಗಳಲ್ಲಿ ತಾಯ್ನುಡಿ ನಾಲಗೆಯಿಂದ ಜಾರಿಹೋಗಿತ್ತು, ಬೇಕಾದ ಹೊತ್ತಿಗೆ ಒಂದು ಮಾತೂ ಸಿಗಲಿಲ್ಲ. ಅವಳಿಗೆ ಕನ್ನಡ ಬಾರದು. ಮುಖ ತಿರುಗಿಸಿ ತನ್ನವರ ಸಾಲಿಗೆ ಹೋಗಿ ನಿಂತಳು.

ಗೋಡೆಯ ಕೆಲಸಕ್ಕೆ ಗಟ್ಟಿಮುಟ್ಟಾದವರನ್ನು ಇಟ್ಟುಕೊಂಡು, ಯಾಕೂತನ ತಾಯಿಯೂ ಸೇರಿದಂತೆ ಮುದುಕರನ್ನೂ ಕೂಸುಗಳ ತಾಯಂದಿರನ್ನೂ ಅಂದೇ ಮಧ್ಯಾಹ್ನ ಬಂದರಿನ ವ್ಯಾಪಾರಿಗಳಿಗೆ ಅಟ್ಟಿದರು. ಉಳಿದವರು ಯಾಕೂತನೊಡನೆ ಸಾಯುವವರೆಗೂ ಮಾತಾಡಲಿಲ್ಲ. ದುರ್ಗಪ್ಪ ಹೋಗಿ ಹೋಗಿ ನಿಜ ಸಂಗತಿ ಹೇಳಿದ, ಶಾಲು ಹೊದಿಸಿದ್ದನ್ನು ಕಣ್ಣಾರೆ ಕಂಡವರಿಗೆ ಬೇರೆಯವರ ಮಾತು ಯಾಕೆ ಹಿಡಿಸೀತು? ನಗಾರಿಗೆ ಹೊಸ ಚರ್ಮ ಕಟ್ಟಿಸಿದರು. ಹೈಬತರಾವನಿಗೆ ಆ ಕರೆ ಬಹಳ ಮೆಚ್ಚಿಕೆಯಾಗಿತ್ತು, ದಿನವೂ ಅದನ್ನು ಬಾರಿಸಿಯೇ ಬಾಗಿಲು ಮುಚ್ಚಬೇಕೆಂದು ಅಪ್ಪಣೆಯಾಯಿತು. ಯಾಕೂತ ಬಾರಿಸಿದ. ಬಾರಿಸಿ ಗುಡ್ಡದ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಓಗೊಡುವ ಅರ್ಧವನ್ನು ಮತ್ತೆಂದೂ ಅವನ ಕೈ ಬಾರಿಸಲಿಲ್ಲ, ಯಾರಿಗೂ ಕಲಿಸಲಿಲ್ಲ. ಗುಡ್ಡಕ್ಕೆ ಪ್ರತಿಧ್ವನಿಯೆಂಬುದು ಎಂದೂ ಇರಲೇ ಇಲ್ಲವೆಂದು ಊರವರಿಗೆ ಆಗ ಅರಿವಾಯಿತು. ಹಳೆಯ ಹೆಸರನ್ನು ನಾಚಿಕೆಯಿಂದ ಬಿಟ್ಟು, ಓಗೊಡದ ಗುಡ್ಡ ಎನ್ನತೊಡಗಿದರು. ಅವನು ಸತ್ತಾಗ ಹೆಗಲಿನಿಂದ ಏನನ್ನಾದರೂ ಇಳಿಸಲು ಯಾರಾದರೂ ಬಂದರೇ ಎಂಬುದನ್ನು ದುರ್ಗಪ್ಪನ ಮನೆಯವರೂ ಹೇಳುವುದಿಲ್ಲ.

ಕೋಟೆಯ ಬಾಗಿಲ ಮೇಲೆ ಈಗ ಪಾರಿವಾಳಗಳಿವೆ, ಕೆಳಗೆ ಮುಸುಕಿನ ಜೋಳ ಸುಡುವವರಿದ್ದಾರೆ. ಹಬ್ಬದ ಕೊನೆಯ ಸಂಜೆ ಹೊತ್ತು ಮುಳುಗುವಾಗ ಸಿದ್ದಿ ಹೆಂಗಸೊಬ್ಬಳು ಡಮಾಮ ಹಿಡಿದು ಆ ಬಾಗಿಲ ಮೇಲೆ ಹತ್ತುತ್ತಾಳೆ. ಮೈಕು, ಬಣ್ಣದ ದೀಪ ಎಲ್ಲವನ್ನೂ ಆರಿಸುತ್ತಾರೆ. ಅವಳು ಕರೆಯುವ ಅರ್ಧವನ್ನು ಬಾರಿಸುತ್ತಾಳೆ. ಊರು ತಲೆತಲಾಂತರದಿಂದ ಕೇಳಿ ಕೇಳಿ ಉಳಿಸಿಕೊಂಡದ್ದು ಅದೊಂದನ್ನೇ. ಜನ ಮೊಬೈಲು ಎತ್ತಿ ಹಿಡಿದಿರುತ್ತಾರೆ. ಎಲ್ಲರೂ ಗುಡ್ಡದ ಕಡೆ ತಿರುಗುತ್ತಾರೆ. ಕಳೆದ ಸಲ ಹೊರಗಿನಿಂದ ಬಂದಿದ್ದ ಕಲಾವಿದರೊಬ್ಬರು, ಕಣ್ಣೊರೆಸಿಕೊಂಡು, ಕೆಳಗಿಳಿದು ಬಂದ ಅವಳ ಬಳಿಗೆ ಹೋಗಿ, “ಓಗೊಡುವ ಅರ್ಧ ಹೇಗಿತ್ತಮ್ಮಾ? ಒಮ್ಮೆ ಬಾರಿಸಿ ತೋರಿಸಿ,” ಎಂದು ಕೇಳಿದರು.

“ಗೊತ್ತಿಲ್ರೀ,” ಎಂದಳು ಅವಳು. “ಅದು ಬರ್ತಿದ್ದೋರೆಲ್ಲಾ ಅವತ್ತು ಗುಡ್ಡ ಇಳಿದು ಬಂದ್ರಲ್ರೀ.”

ಆಮೇಲೆ ದೀಪ ಹಾಕಿದರು, ನಿರೂಪಕರು ಮುಂದಿನ ಕಾರ್ಯಕ್ರಮದ ಹೆಸರು ಹೇಳಿದರು.