ಕಂಬಿ ತಿರುಗಿಸಿದ ಗದಿಗಯ್ಯಜ್ಜನವರು

ಬಿಳಿಕಲ್ಲೂರು ಮಠದ ಪರಮಪೂಜ್ಯ ಗದಿಗಯ್ಯಜ್ಜನವರಿಗೆ ಸಿಂಹಾಸನ ಅನ್ನುವುದೊಂದು ಇರಲೇ ಇಲ್ಲ. ಶ್ರೀಶೈಲದ ಪಾದಯಾತ್ರೆಯಲ್ಲಂತೂ ಗೋಣಿತಟ್ಟೇ ಅವರ ಗದ್ದುಗೆ. ಬಿಡಾರ ಬಿಟ್ಟಲ್ಲೆಲ್ಲ ಅದನ್ನು ಹಾಸಿಕೊಂಡು ಕೂತು, ಯಾರ ಕಾಲಿಗೆ ಮುಳ್ಳು ನೆಟ್ಟಿದೆಯೋ ಅವರ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಸೂಜಿಯಿಂದ ಮುಳ್ಳು ತೆಗೆಯುತ್ತಿದ್ದರು. ಊರ ಗೌಡರ ಕಾಲೂ ಅದೇ ತೊಡೆಯ ಮೇಲೆ, ಹರಕು ಸೀರೆಯ ಮುದುಕಿಯ ಕಾಲೂ ಅದೇ ತೊಡೆಯ ಮೇಲೆ. ಗೌಡರು ನಾಚಿ ಕಾಲು ಎಳೆದುಕೊಳ್ಳುತ್ತಿದ್ದರು. ಗೌಡರ ಹೆಂಡತಿ ಮಾತ್ರ ಮುಳ್ಳಿಲ್ಲದ ಕಾಲನ್ನೂ ಚಾಚುತ್ತಿದ್ದಳಂತೆ. ಪುಣ್ಯವನ್ನೂ ಹಾಗೆ ಬಾಚಿಕೊಳ್ಳುವ ಜನ ಇರುತ್ತಾರೆ.

ಆ ವರ್ಷ ಯಾತ್ರೆಗೆ ನೀಲಗಂಗವ್ವ ಬಂದಿದ್ದಳು. ಭಕ್ತಿಯಿಂದ ಬಂದವಳಲ್ಲ, ಭಯದಿಂದ ಬಂದವಳು. ಮಗಳು ಚಂಪವ್ವನಿಗೆ ಎರಡು ಬಸುರು ನಿಂತ ಹಾಗೆ ನಿಂತು ಇಳಿದುಹೋಗಿದ್ದವು. "ಮೂರನೇದೂ ಹೋದರೆ ಬೇರೆ ಹೆಣ್ಣು ನೋಡತೀವಿ" ಎಂದು ಬೀಗರು ನಾಲ್ಕು ಮಂದಿಯ ಎದುರಿಗೇ ಆಡಿದ್ದರು. ಆಡಿದ್ದಷ್ಟೇ ಏನು, ನೋಡಿಯೂ ಆಗಿತ್ತು. ಚಂಪವ್ವನ ಅತ್ತೆಯ ತಮ್ಮನ ಮಗಳು ಹಬ್ಬಕ್ಕೆಂದು ಬಂದವಳು, ಹಬ್ಬ ಮುಗಿದರೂ ಹೋಗದೆ ಆ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂತಿದ್ದಳು. ಅರಿಯದವರಿಗೂ ಅರ್ಥವಾಗುವಂಥ ರೊಟ್ಟಿ ಅದು. ದಿಗಿಲುಬಿದ್ದ ನೀಲಗಂಗವ್ವ, ಹೊಟ್ಟೆಯಲ್ಲಿರುವ ಕೂಸಿನ ಸಮೇತ ಮಗಳನ್ನು ಶ್ರೀಶೈಲದ ಮಲ್ಲಯ್ಯನ ಬಾಗಿಲಿಗೆ ನಡೆಸಿಕೊಂಡು ಬರುತ್ತೇನೆ ಎಂದು ಹರಕೆ ಹೊತ್ತುಬಿಟ್ಟಳು. ಹೊತ್ತವಳು ತಾಯಿ, ನಡೆಯಬೇಕಾದವಳು ಐದು ತಿಂಗಳ ಬಸುರಿ ಮಗಳು.

ಅಜ್ಜನವರ ಮೇಲೆ ಆಕೆಗೆ ಅಂಥ ವಿಶ್ವಾಸವೇನೂ ಇರಲಿಲ್ಲ. "ಮುಳ್ಳು ತೆಗಿಯಾಕ ಸ್ವಾಮಿ ಯಾಕ ಬೇಕವಾ, ಒಂದು ಚಿಮಟ ಇದ್ರ ಸಾಕು" ಅಂತ ಮೊದಲ ದಿನವೇ ಅಂದು, ಹಿಂದಿನ ಸಾಲಿನ ಹೆಂಗಸರನ್ನೆಲ್ಲ ನಗಿಸಿದ್ದಳು.

ಈ ಯಾತ್ರೆಗೆ ಒಂದು ಕಟ್ಟಳೆ ಇತ್ತು. ಗೆಜ್ಜೆ, ಹೂವು, ಬಣ್ಣದ ಬಟ್ಟೆ ಕಟ್ಟಿದ ಉದ್ದನೆಯ ಗಟ್ಟಿ ಬಿದಿರೇ ಕಂಬಿ, ಕಂಬಿಯೇ ಮಲ್ಲಯ್ಯ. ಊರಿನಲ್ಲಿ ಹೆಗಲಿಗೇರಿಸಿದ ಮೇಲೆ ಶ್ರೀಶೈಲ ಮುಟ್ಟುವವರೆಗೆ ಅದನ್ನು ಹಿಂದಕ್ಕೆ ತಿರುಗಿಸುವಂತಿಲ್ಲ. ಅದರ ಮುಂದೆ ಅಜ್ಜನವರೊಬ್ಬರೇ ನಡೆಯಬೇಕು. ಬೇರೆ ಯಾರೂ, ಅದರಲ್ಲೂ ಹೆಂಗಸರು, ಕಂಬಿಯನ್ನು ದಾಟುವಂತಿಲ್ಲ. ಕಂಬಿ ಹೊರುವವನು ಸೋಮನಿಂಗಪ್ಪ, ಅಜ್ಜನವರ ಹಿರಿಯ ಶಿಷ್ಯ. ಅಜ್ಜನವರು ಮೆಲ್ಲಗೆ ಕೆಮ್ಮಿದರೂ ಅದಕ್ಕೊಂದು ಅರ್ಥ ಹೇಳುವ ಪೈಕಿ.

ಕಾಡಿನ ನಡುವೆ ದಾರಿ ಎರಡಾಗುವ ಜಾಗ ಬಂತು. ಬಲಕ್ಕೆ ಹೋದರೆ ಸ್ವಲ್ಪ ದೂರದಲ್ಲೇ ಅರವಟ್ಟಿಗೆ, ನೆರಳು, ದೊಡ್ಡ ಗಡಿಗೆಗಳಲ್ಲಿ ತಣ್ಣನೆಯ ನೀರು. ಎಡಕ್ಕೆ ಹೋದರೆ ಕಟ್ಟಿಗೆ ಕಡಿಯುವವರ ದಾರಿ, ಬೋಳು ಗುಡ್ಡ, ಒಂದು ಗುಟುಕು ನೀರಿಲ್ಲ. ನೆತ್ತಿಯ ಮೇಲೆ ಬಿಸಿಲು. ಅರವಟ್ಟಿಗೆ ಬಂತಲ್ಲ ಅಂತ ಎಲ್ಲರೂ ತಂಬಿಗೆ ಬರಿದು ಮಾಡಿಕೊಂಡಿದ್ದರು. ಅಜ್ಜನವರು ಕಣ್ಣು ಅರೆಮುಚ್ಚಿ ಪಂಚಾಕ್ಷರಿ ಜಪಿಸುತ್ತ ಬಂದವರು, ಎಡಕ್ಕೆ ತಿರುಗಿದರು.

ಸಾಲು ಒಮ್ಮೆ ನಿಂತಿತು. ಪ್ರತಿ ವರ್ಷ ಬರುವ ಜನ. ಎಲ್ಲರಿಗೂ ದಾರಿ ಗೊತ್ತು. ಅವರ ಮುಖ ಇವರು ನೋಡಿದರು, ಇವರ ಮುಖ ಅವರು ನೋಡಿದರು. ಸೋಮನಿಂಗಪ್ಪ ಗಟ್ಟಿಯಾಗಿ "ಉಘೇ ಮಲ್ಲಯ್ಯಾ!" ಅಂದ. ಸಾಲು ಎಡಕ್ಕೆ ಹರಿಯಿತು.

ಹಿಂದಿನ ಸಾಲಿನಲ್ಲಿ ಪಿಸುಮಾತು ಶುರುವಾಯಿತು.

"ಅಜ್ಜಾರಿಗೆ ಗೊತ್ತಿಲ್ಲದ ಹಾದಿ ಐತೇನು? ಏನೋ ಲೀಲಾ ನಡಿಸ್ಯಾರ" ಅಂದಳು ಒಬ್ಬಳು.

"ಲೀಲಾ ಅಲ್ಲ, ಮುಪ್ಪು. ಮುಂದಿನ ವರ್ಷ ಮಠದ ಮರಿಸ್ವಾಮಿನ್ನ ಮುಂದ ಬಿಡಬೇಕು" ಅಂದಳು ಇನ್ನೊಬ್ಬಳು.

"ಮರಿಸ್ವಾಮಿ ಮುಂದ ಬಿಟ್ರ ಸೀದಾ ಹೈದರಾಬಾದ ತೋರಸ್ತಾನ ತಗೋ" ಅಂದಳು ನೀಲಗಂಗವ್ವ. ಒಣಗಿದ ಗಂಟಲಲ್ಲೂ ನಗು ಎದ್ದಿತು.

ಆ ನಗು ಮುಗಿಯುವ ಮೊದಲೇ ಚಂಪವ್ವ ದಾರಿಯ ಪಕ್ಕ ಕುಸಿದು ಕೂತಳು. ತುಟಿ ಬಿಳಿಚಿತ್ತು. "ಅವ್ವಾ, ಕಿಬ್ಬೊಟ್ಟಿ ಹಿಡದೈತಿ" ಅಂದಳು.

ಹಿಂದಿನ ಎರಡೂ ಸಲ ಇದೇ ಮಾತಿನಿಂದ ಶುರುವಾಗಿತ್ತು. ನೀಲಗಂಗವ್ವ ಒಬ್ಬೊಬ್ಬರ ತಂಬಿಗೆಯನ್ನೂ ಕಸಿದು ಬಗ್ಗಿಸಿ ನೋಡಿದಳು. ಹನಿ ಇಲ್ಲ. ಮಗಳನ್ನು ಮುಳ್ಳುಕಂಟಿಯ ನೆರಳಿಗೆ ಸರಿಸಿ, ನಗುತ್ತಿದ್ದ ಹೆಂಗಸರ ವಶಕ್ಕೆ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದಕ್ಕೆ ಓಡಿದಳು.

"ಅಣ್ಣಾ ಸೋಮನಿಂಗಣ್ಣಾ, ಹಾದಿ ತಪ್ಪೇತಿ. ಅಜ್ಜಾರಿಗೆ ಹೇಳೋ."

"ಗುರುವಿಗೆ ತಪ್ಪು ಅನ್ನಾಕ ನಾಲಿಗಿ ಹೆಂಗ ಹೊಳ್ಳತೈತಿ ನಿನಗ? ಅವರು ನಡದದ್ದೇ ಹಾದಿ."

"ನನ್ನ ಮಗಳು ಅಲ್ಲಿ ಹೊಟ್ಟಿ ಹಿಡಕೊಂಡು ಕುಂತಾಳೋ!"

"ಮಲ್ಲಯ್ಯ ನೋಡ್ಕೋತಾನ. ಹೋಗು."

ಆಗ ನೀಲಗಂಗವ್ವನ ಕಣ್ಣಿಗೆ ಒಂದು ಬಿತ್ತು. ಸೋಮನಿಂಗಪ್ಪನ ಹೆಂಡತಿ ಗೌರಕ್ಕ ಹೊಸ ಇಳಕಲ್ ಸೀರೆ ಉಟ್ಟು, ನಾಲ್ಕು ಜನ ನೋಡಲಿ ಅಂತ ಬೆಳಗಿನಿಂದ ಕಂಬಿಗೆ ಅಂಟಿಕೊಂಡೇ ನಡೆದವಳು. ಈಗ ಆ ಸೀರೆ ಎಲ್ಲೂ ಕಾಣುತ್ತಿಲ್ಲ.

"ನಿನ್ನ ಹೇಣ್ತಿ ಎಲ್ಲಿ?"

ಸೋಮನಿಂಗಪ್ಪ ಕಂಬಿಯ ಹೆಗಲು ಬದಲಿಸಿದ. "ಆಕಿ... ಆಕಿ ಕಾಲು ನೋವು ಅಂದ್ಲು. ಅರವಟಗಿಗೆ ಕಳಿಸೀನಿ."

"ಓಹೋ! ಲೀಲಾ ನಮಗ, ನೀರು ನಿನ್ನ ಹೇಣ್ತಿಗೆ!"

ಅಕ್ಕಪಕ್ಕದವರು ತಲೆ ತಗ್ಗಿಸಿದರು. ಸೋಮನಿಂಗಪ್ಪನ ಮುಖ ಕೆಂಡವಾಯಿತು. "ದಾಟು ಹಂಗಾರ, ಕಂಬಿ ದಾಟಿ ನೀನೇ ಹೇಳು. ಕಂಬಿ ದಾಟಿದ ಹೆಣ್ಣಿನ ಸಂತಾನಕ್ಕ ತೊಟ್ಟಿಲ ಯೋಗ ಇಲ್ಲ, ನೆನಪಿಟ್ಟುಕೋ!"

ನೀಲಗಂಗವ್ವ ಅಲ್ಲೇ ನಿಂತಳು. ಈ ಮಾತನ್ನು ಆಕೆಯೂ ಸಣ್ಣಂದಿನಿಂದ ಕೇಳಿದವಳೇ. ದಾಟಿದರೆ ಮಲ್ಲಯ್ಯನ ಸಿಟ್ಟು ಆ ಬಸುರಿನ ಮೇಲೆ. ದಾಟದಿದ್ದರೆ ಈ ಬಿಸಿಲೇ ಸಾಕು. ಅಲ್ಲಿಂದಲೇ ಕೂಗಿದಳು, ತಾಳ, ಗೆಜ್ಜೆ, ಜಯಕಾರದ ನಡುವೆ ಆ ಕೂಗು ಯಾರಿಗೂ ಕೇಳಲಿಲ್ಲ. ಮುಂದೆ ಅಜ್ಜನವರ ಬೆನ್ನು ದೂರವಾಗುತ್ತಿತ್ತು. ಹಿಂದೆ ತಿರುಗಿ ನೋಡಿದಳು, ಮಗಳು ಮಲಗಿಬಿಟ್ಟಿದ್ದಳು. "ಮಲ್ಲಯ್ಯಾ, ಹೊಡಿಯೂದಾದ್ರ ನನ್ನ ಹೊಡಿ" ಎನ್ನುತ್ತ ಕಂಬಿಯನ್ನು ದಾಟಿ ಓಡಿದಳು.

ಅಜ್ಜನವರ ಮುಂದೆ ದಾರಿಗೆ ಅಡ್ಡ ಬಿದ್ದಳು. ತಾಳ ನಿಂತಿತು. ಇನ್ನು ಶಾಪ ಬಿತ್ತು ಎಂದು ಜನ ಗಲ್ಲ ಬಡಿದುಕೊಂಡರು.

"ಅಜ್ಜಾರ, ಹಾದಿ ತಪ್ಪೇತ್ರೀ."

ಅಜ್ಜನವರು ಕಣ್ಣು ಪೂರ್ತಿ ತೆರೆದರು. ಬೋಳು ಗುಡ್ಡ ನೋಡಿದರು, ಸೂರ್ಯನನ್ನು ನೋಡಿದರು. "ಹೌದು ತಾಯಿ, ತಪ್ಪೀನಿ" ಎಂದರು. ಬೇರೆ ಯಾವ ಸಮಜಾಯಿಷಿಯನ್ನೂ ಕೊಡಲಿಲ್ಲ. ಆಮೇಲೆ ಕೇಳಿದರು, "ನಿಮಗ ಯಾವಾಗ ಗೊತ್ತಾತು?"

ಈಗ ಗೊತ್ತಾಯಿತು ಅಂದುಬಿಡಬಹುದಿತ್ತು. ಆ ಕಣ್ಣಿನ ಮುಂದೆ ಸುಳ್ಳು ಏಳಲಿಲ್ಲ. "ಹಾದಿ ಒಡದಲ್ಲೇ, ಅಜ್ಜಾರ. ಎಲ್ಲಾರಿಗೂ ಗೊತ್ತಿತ್ತು."

"ಮತ್ತ ಇಲ್ಲೀತನಕ ನನ್ನ ಒಬ್ಬನ್ನ ಯಾಕ ಬಿಟ್ರಿ ತಾಯಿ?"

ಬೈದಿದ್ದರೆ ನೀಲಗಂಗವ್ವ ತಡೆದುಕೊಳ್ಳುತ್ತಿದ್ದಳು. ತಾನು ಹಿಂದೆ ನಕ್ಕ ಹೈದರಾಬಾದಿನ ನಗೆ ಗಂಟಲಲ್ಲಿ ಮೆಣಸಿನಕಾಯಿಯಂತೆ ಉರಿಯಿತು. ಮಗಳ ಸ್ಥಿತಿಯನ್ನು ಅಳುತ್ತಲೇ ಹೇಳಿದಳು.

ಅಜ್ಜನವರು ಕಂಬಿಗೆ ಕೈ ಹಾಕಿದರು. ಸೋಮನಿಂಗಪ್ಪ ಬಿಗಿಯಾಗಿ ಹಿಡಿದ. "ತಿರುಗಸಬ್ಯಾಡ್ರೀ ಅಜ್ಜಾರ, ಮಲ್ಲಯ್ಯ ಮುನೀತಾನ!"

"ನನ್ನ ಮ್ಯಾಲ ಮುನೀಲಿ. ತಪ್ಪಿದ ಕಾಲು ನಂದು."

ಕಂಬಿಯನ್ನು ತಮ್ಮ ಹೆಗಲಿಗೆ ತೆಗೆದುಕೊಂಡು ಅಜ್ಜನವರು ಬಂದ ದಾರಿಗೆ ತಿರುಗಿದರು. ಸಾಲಿನ ಉದ್ದಕ್ಕೂ, ಎದುರಾದವರಿಗೆಲ್ಲ "ಹಾದಿ ತಪ್ಪಿಸಿದಾಂವ ನಾನು, ತಿರುಗ್ರಿ" ಎನ್ನುತ್ತ ನಡೆದರು. ಲೀಲೆ ಅಂದಿದ್ದ ಹೆಂಗಸು ಕಾಲಿಗೆ ಬಿದ್ದು, "ನಮ್ಮನ್ನ ಪರೀಕ್ಷಾ ಮಾಡಿದ್ರಿ ತಂದೀ" ಅಂದಳು. "ಇಲ್ಲವ್ವಾ, ತಪ್ಪಿದೆ" ಎಂದರು ಅಜ್ಜನವರು.

ಚಂಪವ್ವ ಏಳಲಾರದೆ ಮಲಗಿದ್ದಳು. ಅಜ್ಜನವರು ಹೆಗಲ ಕಂಬಳಿ ತೆಗೆದು, ಅದರ ಎರಡು ತುದಿಗಳನ್ನು ಕಂಬಿಗೇ ಬಿಗಿದು ಜೋಳಿಗೆ ಮಾಡಿದರು. ಬಸುರಿಯನ್ನು ಅದರಲ್ಲಿ ಮಲಗಿಸಿದರು. ಹೆಂಗಸರು ಬಾಯಿಗೆ ಸೆರಗು ಹಚ್ಚಿ ನಿಂತರು. ದೇವರ ಕಂಬಿಗೆ ಹೆಣ್ಣೊಂದು ಜೋತುಬಿದ್ದದ್ದನ್ನು ಯಾರಾದರೂ ಕಂಡಿದ್ದರೇ?

"ಸೋಮನಿಂಗಪ್ಪಾ, ಆ ತುದಿ ಹಿಡಿ."

ಸೋಮನಿಂಗಪ್ಪ ಹಿಡಿದ. ಹಿಡಿಯದೆ ಎಲ್ಲಿಗೆ ಹೋದಾನು?

ಅರವಟ್ಟಿಗೆ ಮುಟ್ಟುವವರೆಗೂ ನೀಲಗಂಗವ್ವ ಮಗಳ ಕೈ ಬಿಡಲಿಲ್ಲ, ಅವಳ ಮುಖದಿಂದ ಕಣ್ಣು ಕೀಳಲಿಲ್ಲ. ಹೆಜ್ಜೆಹೆಜ್ಜೆಗೂ ಕಂಬಿಯ ಗೆಜ್ಜೆ ಘಲ್ಲೆನ್ನುವಾಗ ಆಕೆಯ ಜೀವ ಹಾರುತ್ತಿತ್ತು. ನೆರಳಿನಲ್ಲಿ ಕಾಲು ತೊಳೆದು ಕೂತಿದ್ದ ಗೌರಕ್ಕ, ಗಂಡ ಬರುತ್ತಿದ್ದ ಪರಿಯನ್ನು ಕಂಡು ಗಡಿಗೆಯ ಹಿಂದೆ ಸರಿದಳು. ಅಜ್ಜನವರು ಆಕೆಯನ್ನು ಒಂದು ಮಾತೂ ಕೇಳಲಿಲ್ಲ; ಆಕೆಯ ಕೈಯಿಂದಲೇ ತಂಬಿಗೆ ಇಸಿದುಕೊಂಡು ಚಂಪವ್ವನ ಬಾಯಿಗೆ ಗುಟುಕು ಗುಟುಕಾಗಿ ನೀರು ಹಾಕಿದರು. ಬಹಳ ಹೊತ್ತಾಯಿತು. ನೆರಳು ಉದ್ದವಾಗುವ ಹೊತ್ತಿಗೆ ಚಂಪವ್ವ ತಾಯಿಯ ಕೈಯನ್ನು ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗೆ ಮೆಲ್ಲಗೆ ಹೊರಳಿತು.

ನೀಲಗಂಗವ್ವ ಅಜ್ಜನವರ ಪಾದ ಹಿಡಿದಳು. "ನಿಮ್ಮನ್ನ ಹಿಂದಿಂದ ಆಡಕೊಂಡು ನಕ್ಕೀನ್ರೀ, ಅಜ್ಜಾರ."

"ಮುಂದ ಬಂದೂ ಹೇಳಿದಿಯಲ್ಲವ್ವಾ" ಎಂದರು ಅಜ್ಜನವರು.

ಕೂಸು ದಿನ ತುಂಬಿ ಹುಟ್ಟಿತು, ಹೆಣ್ಣು. ಬೀಗರ ಮನೆಯ ರೊಟ್ಟಿ ಬಡಿಯುವವಳು ಗಂಟು ಕಟ್ಟಿಕೊಂಡು ತನ್ನೂರ ಹಾದಿ ಹಿಡಿದಳು. ನೀಲಗಂಗವ್ವನ ಬಾಯಿ ಸಣ್ಣದಾಯಿತು ಅಂತಲ್ಲ. ಆದರೆ ಅಂದಿನಿಂದ ಯಾರ ಬಗ್ಗೆ ಏನಿದ್ದರೂ ಅವರ ಮನೆಯ ಕಟ್ಟೆಗೇ ಹೋಗಿ ಹೇಳುವ ರೂಢಿ ಮಾಡಿಕೊಂಡಳು. ಊರಿಗೆ ಅದು ಮೊದಲಿಗಿಂತ ದೊಡ್ಡ ಕಷ್ಟವಾಯಿತು.

ಮಠದಲ್ಲಿ ಒಂದು ಸಲ ಅಜ್ಜನವರ ಎದುರಿಗೇ ಪ್ರವಚನಕಾರರು ಈ ಪ್ರಸಂಗವನ್ನು ಬಣ್ಣ ಕಟ್ಟಿ ಹೇಳುತ್ತಿದ್ದರು. ಭಕ್ತರ ನಿಷ್ಠೆಯನ್ನು ಪರೀಕ್ಷಿಸಲೆಂದೇ ಪೂಜ್ಯರು ಬೇಕೆಂದು ಎಡದಾರಿ ತುಳಿದರು ಎಂದಾಗ ಜನ ಚಪ್ಪಾಳೆ ತಟ್ಟಿದರು. ಹೆಂಗಸರ ನಡುವಿನಿಂದ ನೀಲಗಂಗವ್ವ ಎದ್ದು ನಿಂತಳು.

"ಪರೀಕ್ಷಾ ಗಿರೀಕ್ಷಾ ಏನೂ ಇಲ್ರೀ. ಅಜ್ಜಾರು ಹಾದಿ ತಪ್ಪಿದ್ರು. ನಾವು ಗೊತ್ತಿದ್ದೂ ಸುಮ್ಮನಿದ್ವಿ. ಹೇಳೂದಿದ್ರ ಹಂಗ ಹೇಳ್ರಿ."

ಸೋಮನಿಂಗಪ್ಪ ಬಾಗಿಲ ಕಡೆ ನೋಡತೊಡಗಿದ. ಅಜ್ಜನವರು ಮಾತ್ರ, ಅಷ್ಟು ಜನ ನೋಡುತ್ತಿದ್ದಂತೆಯೇ, ಆಕೆಯ ಕಡೆ ತಿರುಗಿ ಎರಡೂ ಕೈ ಜೋಡಿಸಿದರು.