ಪದ್ಮಲೆಯ ಕೊರಳಿನ ಒಗಟುಗಳು

“ಕೇಳಿರಿ, ಕೇಳಿರಿ! ರಾಜಕುಮಾರಿ ಪದ್ಮಲೆಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಧಾರೆಯೆರೆದು ಕೊಡಲಾಗುವುದು. ತಪ್ಪಿದವನು ಹುಣ್ಣಿಮೆಯ ದಿನ ಶೂಲಕ್ಕೇರುವನು!”

ಮಲ್ಲರಸ ದೊರೆ ಹೀಗೆ ಡಂಗುರ ಹೊಡೆಸಿದ್ದಕ್ಕೆ ಕಾರಣವಿತ್ತು. ಮಗಳ ಕೊರಳಲ್ಲಿ ಗಳಗಂಡ ಬೆಳೆದು ಉಸಿರು ಕಟ್ಟುತ್ತಿದ್ದಾಗ ಶಸ್ತ್ರವೈದ್ಯರು ಊದಿಕೊಂಡಿದ್ದ ಕೊರಳ ಗ್ರಂಥಿಯನ್ನೇ ಕೊಯ್ದು ತೆಗೆದಿದ್ದರು. ಜೀವ ಉಳಿಯಿತು. ಆದರೆ ಬರಬರುತ್ತ ಮುಖ ಊದಿತು, ದನಿ ಒಡೆಯಿತು, ಕಡುಬೇಸಿಗೆಯಲ್ಲೂ ಮೈ ನಡುಗಿತು. ಮದ್ದು ಕೊಡುತ್ತೇನೆಂದು ಬಂದ ಕಪಟಿಯೊಬ್ಬ ವಿಷ ಕುಡಿಸಿದ. ಹೇಗೋ ಬದುಕಿದ ಪದ್ಮಲೆ, “ನನ್ನ ರೋಗ ಅರಿತವನನ್ನು ಮಾತ್ರ ಹತ್ತಿರ ಬಿಡಿ” ಎಂದು ಆ ರೋಗವನ್ನೇ ಒಗಟಾಗಿ ಕಟ್ಟಿದಳು. ದೊರೆ ಸಿಟ್ಟಿನಲ್ಲಿ ಶೂಲ ನೆಡಿಸಿದ.

“ಒಲೆ ಕಿತ್ತೆಸೆದ ಮೇಲೂ ಕೆಲವು ದಿನ ಮನೆ ಬೆಚ್ಚಗಿತ್ತು, ಆಮೇಲೆ ತಣ್ಣಗಾಯಿತು. ಯಾವ ಒಲೆ?” ಇದು ದೊರೆಯ ಸಭೆಯಲ್ಲಿ ಪದ್ಮಲೆ ಕೇಳಿದ ಮೊದಲ ಒಗಟು. ಅರಸುಮಗನೊಬ್ಬ “ಸೂರ್ಯ” ಎಂದ. ಮಂತ್ರಿಯ ಮಗ “ಪ್ರೀತಿ” ಎಂದ. ಇಬ್ಬರನ್ನೂ ಭಟರು ಸೆರೆಮನೆಗೆ ಎಳೆದೊಯ್ದರು.

ಅರಮನೆಗೆ ಕಂಬಳಿ ತಂದಿದ್ದ ಕುರುಬರ ಹುಡುಗ ಮಾಳಿಂಗ ಆ ಒಡಕು ದನಿ ಕೇಳಿ ಸಭೆಯ ಬಾಗಿಲಲ್ಲೇ ನಿಂತುಬಿಟ್ಟ. ಕೊರಳ ಗಡ್ಡೆ ಕೊಯ್ಸಿಕೊಂಡ ಮೇಲೆ ಅವನ ಅಕ್ಕ ಸಿದ್ದವ್ವನ ದನಿಯೂ ಹೀಗೇ ಆಗಿತ್ತು. ಅವಳೂ ಕೆಲವು ದಿನ ಬೆಚ್ಚಗಿದ್ದು ಆಮೇಲೆ ನಡುಗತೊಡಗಿದ್ದಳು, ಮದ್ದು ತಿಂದ ಮೇಲೆ ಚೇತರಿಸಿಕೊಂಡಿದ್ದಳು.

“ದೊರೆಸಾನಿ, ಆ ಒಲೆ ನಿಮ್ಮ ಕೊರಳ ಗ್ರಂಥಿ. ಅದರ ರಸ ನೆತ್ತರಲ್ಲಿ ಉಳಿದಷ್ಟು ದಿನ ಮೈ ಬೆಚ್ಚಗಿತ್ತು” ಎಂದ.

ಪದ್ಮಲೆ ತಲೆಯೆತ್ತಿದಳು. “ಬೀದಿ ತುಂಬ ಪಲ್ಲಕ್ಕಿ. ಹೊರುವವರೂ ಇದ್ದಾರೆ. ಒಳಗೆ ಕೂರುವವರಿಲ್ಲ. ಯಾವ ಬೀದಿ?”

ಮಾಳಿಂಗ ಅಕ್ಕನನ್ನು ನೆನೆದ. ಅಕ್ಕ ಮದ್ದು ನುಂಗಿದ್ದು ಬಾಯಿಂದ, ಬೆಚ್ಚಗಾದದ್ದು ಕಾಲ್ಬೆರಳ ತುದಿಯವರೆಗೆ. ಹಾಗಾದರೆ ಅಲ್ಲಿವರೆಗೆ ಹೊತ್ತೊಯ್ದವರು ಯಾರು?

“ನೆತ್ತರಿನ ಬೀದಿ! ಆ ರಸವನ್ನು ಹೊರುವ ಸತ್ವ ನೆತ್ತರಲ್ಲಿ ಈಗಲೂ ಇದೆ. ಹೊರೋಕೆ ರಸವೇ ಇಲ್ಲ.”

“ಮೂರನೆಯದಕ್ಕೆ ಉತ್ತರ ನನಗೂ ಗೊತ್ತಿಲ್ಲ” ಎಂದಳು ಪದ್ಮಲೆ. ಅವಳ ಕಣ್ಣು ತುಂಬಿತ್ತು. “ಹೋದ ಗ್ರಂಥಿ ಮತ್ತೆ ಬೆಳೆಯದು. ಅದು ಕೊಡುತ್ತಿದ್ದುದನ್ನು ಇನ್ನು ಯಾರು ಕೊಟ್ಟಾರು?”

“ಕುರಿ ಕೊಡುತ್ತೆ, ದೊರೆಸಾನಿ. ಅದರ ಕೊರಳಲ್ಲೂ ಅಂಥದೇ ಗ್ರಂಥಿ ಇದೆ. ನಮ್ಮ ಹಟ್ಟಿಯ ಮುದುಕಿ ಹೇಳಿದಂತೆ ಅಕ್ಕ ಅದನ್ನ ದಿನಾ ಒಂದು ಚೂರು ತಿಂತಾಳೆ. ಈಗ ಕುರಿ ಹಿಂದೆ ಓಡಾಡ್ತಾಳೆ.”

“ಇದೂ ವಿಷವಾದರೆ?” ದೊರೆ ಗುಡುಗಿದ. “ಹುಣ್ಣಿಮೆಯೊಳಗೆ ಅವಳು ಚೇತರಿಸಿಕೊಳ್ಳದಿದ್ದರೆ ಮೊದಲ ಶೂಲ ನಿನಗೇ!”

ಮಾಳಿಂಗ ದಿನವೂ ಮದ್ದನ್ನು ಮೊದಲು ತಾನು ತಿಂದು ಆಮೇಲೆ ಅವಳಿಗೆ ಕೊಟ್ಟ. ಮೊದಮೊದಲು ಏನೂ ಆಗಲಿಲ್ಲ. ಹುಣ್ಣಿಮೆ ಹತ್ತಿರವಾಗತೊಡಗಿತು. ಆಮೇಲೊಂದು ಬೆಳಗ್ಗೆ ಪದ್ಮಲೆ ಹೊದ್ದಿದ್ದ ಕಂಬಳಿ ಸರಿಸಿ, “ಸೆಕೆ” ಎಂದಳು. ದಾದಿ ಅಳತೊಡಗಿದಳು. ಹುಣ್ಣಿಮೆಯ ದಿನ ಪದ್ಮಲೆ ತಾನೇ ನಡೆದು ಸಭೆಗೆ ಬಂದಳು.

“ಬೇಕಾದ್ದು ಕೇಳು” ಎಂದ ದೊರೆ, ಅಳುತ್ತ.

“ಸೆರೆಯಲ್ಲಿರುವವರನ್ನ ಬಿಟ್ಟುಬಿಡಿ, ಬುದ್ಧಿ.”

ದೊರೆ ಶೂಲ ಕೀಳಿಸಿದ. ಆಗ ಪದ್ಮಲೆ ಕೇಳಿದಳು: “ಕೊರಳಲ್ಲಿ ಗಾಯದ ಕಲೆ, ಬದುಕಿರುವ ತನಕ ಮದ್ದು. ಇಂಥವಳನ್ನು ಕೈಹಿಡಿಯಲು ಹೆದರಿಕೆಯಿಲ್ಲವೇ?”

“ನಮ್ಮಕ್ಕಂಗೂ ಅವೆರಡೂ ಅದಾವೆ, ದೊರೆಸಾನಿ. ನಾನು ಹೆದರೋದು ಅವಳ ಬಾಯಿಗೆ ಮಾತ್ರ.”

ಪದ್ಮಲೆ ಗಟ್ಟಿಯಾಗಿ ನಕ್ಕಳು. ದನಿ ಎಲ್ಲೂ ಒಡೆಯಲಿಲ್ಲ.