ಖಾಲಿ ಬಿಟ್ಟ ಜಾಗ

ಹೊಳೆಯ ನಡುಗಡ್ಡೆಯಲ್ಲಿ ಬೆಸ್ತರ ಒಂದು ಕೇರಿ. ದಡದಲ್ಲಿ ಮಠ. ದಾಟಲು ಹರಗೋಲು ಬಿಟ್ಟರೆ ಬೇರೆ ದಾರಿಯಿಲ್ಲ.

ಸೇತುವೆ ಬೇಕೆಂದು ಕೇರಿಯವರು ಕೊಟ್ಟ ಅರ್ಜಿಗಳಿಗೆ ಉತ್ತರ ಬರಲಿಲ್ಲ. ಮಠದ ಶಿಷ್ಯ ಪಂಪಯ್ಯ ಒಂದು ಉಪಾಯ ಹೂಡಿದ. ಕೇರಿಯ ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟ.

"ನಿಮ್ಮ ಕಷ್ಟ ನೀವ ಪಟ ತಗೀರಿ. ಸೇತುವೆ ಮಂಜೂರು ಮಾಡೋ ಸಾಹೇಬರನ್ನ ಕರೆಸಿ ತೋರಸೋಣು."

ಪಂಪಯ್ಯ ಒಳ್ಳೆಯವನೇ. ಒಳ್ಳೆಯದು ಮಾಡುವ ಅವಸರ ಮಾತ್ರ ತುಸು ಜಾಸ್ತಿ.

ಪಟಗಳು ಬಂದವು. ಅವುಗಳಲ್ಲಿ ಒಂದನ್ನು ಹಿಡಿದು ಅವನು ಗುರುಗಳ ಬಳಿ ಓಡಿದ.

ನಡುಹೊಳೆಯಲ್ಲಿ ಹರಗೋಲು. ಅದರಲ್ಲಿ ದುರುಗವ್ವ, ಅವಳ ತೊಡೆಯ ಮೇಲೆ ಮಗಳು. ಜ್ವರ ಬಂದ ಕೂಸು ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡಿತ್ತು. ಜೊತೆಗಿದ್ದ ನೆರೆಮನೆಯವಳು ತೆಗೆದ ಪಟ ಅದು.

"ಇದೊಂದ ಸಾಕು, ಅಜ್ಜಾರ. ನಾಳೆ ಸಾಹೇಬರು ಬರ್ತಾರ. ಮಠದ ಪಡಸಾಲಿ ನಡುವ ದೊಡ್ಡದು ಮಾಡಿ ಹಾಕ್ತೀನಿ. ಸೇತುವೆ ಆಗೇ ಆಗತೈತಿ."

"ದುರುಗವ್ವ ಏನಂದ್ಲು?"

"ಬ್ಯಾಡ ಅಂದ್ಲು. ದುಃಖದಾಗ ಅದಾಳ, ತಿಳೀವಲ್ದು. ಆಕಿ ಮಾತು ಕೇಳಿ ಸುಮ್ಮನಿದ್ರ, ನಾಳೆ ಮತ್ತೊಂದು ಕೂಸು ಹೋಗತೈತಿ, ಅಜ್ಜಾರ!"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಗುರುಗಳು ಪಟವನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣು ತುಂಬಿ ಬಂತು.

"ನಿಮ್ಮವ್ವ ತೀರಿಕೊಂಡ ದಿನ, ಮಂದಿ ನೋಡಾಕ ಬಂದಾಗ, ನಿನ್ನ ಶಾಲು ತಗದು ಆಕಿ ಮುಖಕ್ಕ ಹೊದಿಸಿದಿ. ಯಾಕ?"

"ಬಾಯಿ ತೆರದಿತ್ತು, ಅಜ್ಜಾರ. ಅವ್ವನ್ನ ಹಂಗ ಯಾರೂ ನೋಡಬಾರದು ಅನಿಸ್ತು."

ಹೇಳುತ್ತಲೇ ಅವನ ದನಿ ಇಳಿದುಹೋಯಿತು.

ಗುರುಗಳು ಹೆಗಲ ಮೇಲಿನ ವಸ್ತ್ರ ತೆಗೆದು ಪಟಕ್ಕೆ ಸುತ್ತಿದರು. ಅವನ ಕೈಗಿಟ್ಟರು.

"ಕೊಟ್ಟು ಬಾ."

ದುರುಗವ್ವ ಬಾಗಿಲಲ್ಲೇ ವಸ್ತ್ರ ಬಿಚ್ಚಿ ನೋಡಿದಳು. ಮತ್ತೆ ಸುತ್ತಿ ಎದೆಗೊತ್ತಿಕೊಂಡಳು.

"ತಪ್ಪಾತವ್ವ" ಎಂದ ಪಂಪಯ್ಯ. "ಸೇತುವೆ ಆಗಲಿ ಅಂತ ಮಾಡಿದ್ದೆ."

"ಸೇತುವೆ ನನಗೂ ಬೇಕು, ಯಪ್ಪಾ. ಸತ್ತ ಮುಖ ತೋರಸಬ್ಯಾಡ ಅಂದೆ, ಅಷ್ಟ. ನನ್ನ ಮಗಳು ಹೆಂಗಿದ್ಲು ಅಂತ ನೀ ಯಾವಾಗರ ಕೇಳಿದೇನು?"

ಪಂಪಯ್ಯ ಹೊಸ್ತಿಲ ಬಳಿ ಕುಳಿತ. ಅವಳು ಹೇಳುತ್ತ ಹೋದಳು. ಹೊತ್ತು ಮುಳುಗುವವರೆಗೂ ಅವನು ಕೇಳುತ್ತ ಕುಳಿತ.

ಮರುದಿನ ಸಾಹೇಬರು ಬಂದರು. ಕೇರಿಯ ಹೆಂಗಸರೆಲ್ಲ ಗೋಡೆಯ ಪಕ್ಕ ನಿಂತಿದ್ದರು. ದುರುಗವ್ವನೂ ಬಂದಿದ್ದಳು.

ಸಾಹೇಬರು ಒಂದೊಂದೇ ಪಟ ನೋಡುತ್ತ ಬಂದರು. ಮುಖದಲ್ಲಿ ಏನೂ ಕಾಣಲಿಲ್ಲ. ಒಮ್ಮೆ ಗಡಿಯಾರ ನೋಡಿಕೊಂಡರು. ಪಡಸಾಲೆಯ ನಡುವೆ ಬಂದಾಗ ಮಾತ್ರ ನಿಂತರು. ಅಲ್ಲಿ ಬೇರೆ ಪಟ ಹಾಕಲು ಪಂಪಯ್ಯನಿಗೆ ಮನಸ್ಸಾಗಿರಲಿಲ್ಲ.

"ಇಲ್ಲೇನಿತ್ತು? ಯಾಕೆ ಖಾಲಿ ಬಿಟ್ಟಿದ್ದೀರಿ?"

ಪಂಪಯ್ಯನಿಗೆ ಈಗ ಆ ಕೂಸಿನ ಬಗ್ಗೆ ಎಲ್ಲವೂ ಗೊತ್ತಿತ್ತು. ಚೆನ್ನಾಗಿಯೇ ಹೇಳಬಲ್ಲವನಾಗಿದ್ದ. ಅವನು ಬಾಯಿ ತೆರೆಯುವಷ್ಟರಲ್ಲಿ ಗುರುಗಳು ಅವನ ಕೈ ಹಿಡಿದರು.

ಸಾಹೇಬರ ಕಡೆ ಅವರು ನೋಡಲಿಲ್ಲ. ಹೆಂಗಸರ ಕಡೆ ತಿರುಗಿ ಕೇಳಿದರು:

"ದುರುಗವ್ವ, ನೀ ಹೇಳ್ತಿಯೇನವ್ವ, ಇಲ್ಲಾ ಅದು ಖಾಲೀನ ಇರಲೇನು?"